ಕೆರೆಯನ್ನು ಬೆಚ್ಚಗೆ ಮಾಡಹೊರಟ ನೀರುಗಂಟಿ

"ಗುರುಗಳೇ, ಇಷ್ಟು ದಿನ ಒಪ್ಪೊತ್ತು ಉಂಡೆ. ನಾಳೆಯಿಂದ ಒಂಬತ್ತು ದಿನ ಅದನ್ನೂ ಬಿಡಲು ಅಪ್ಪಣೆ ಕೊಡುವಿರಾ?" ಎಂದು ಶಿಷ್ಯ ಸೋಮಲಿಂಗ ಕೇಳಿದ. ಮಠಕ್ಕೆ ಬಂದ ಹೊಸತರಲ್ಲಿ ಅವನು ಧ್ಯಾನಕ್ಕೆ ಕೂತು ಕಣ್ಣು ಮುಚ್ಚಿದರೆ ಸಾಕು, ಒಳಗೆ ಏನೋ ಬೆಚ್ಚಗಾಗುತ್ತಿತ್ತು. ಮೂರು ತಿಂಗಳಿಂದ ಅದು ಇಲ್ಲ. ಒಂದೊಂದೇ ಊಟ ಬಿಡುತ್ತ ಬಂದರೂ ಮರಳಲಿಲ್ಲ. ಈಗ ಅವನು ಕಂಬ ಹಿಡಿದುಕೊಂಡು ನಿಂತಿದ್ದ.

ಗುರುಗಳು ತಮ್ಮ ಗಂಜಿಯ ಬಟ್ಟಲನ್ನು ಕೆಳಗಿಟ್ಟರು. "ಕೂತ್ಕೊಳ್ಳಪ್ಪ, ಬಿದ್ದೀಯ. ಒಬ್ಬ ನೀರುಗಂಟಿಯ ಕತೆ ಕೇಳು" ಎಂದರು.

ಒಂದು ಊರಿನ ಕೆರೆಗೆ ಒಬ್ಬ ನೀರುಗಂಟಿ ಇದ್ದ. ತೂಬು ತೆರೆದು ಗದ್ದೆಗೆ ನೀರು ಬಿಡುವುದು, ಮತ್ತೆ ಮುಚ್ಚುವುದು ಅವನ ಕೆಲಸ. ಮೀನು ಹಿಡಿಯುವವನಲ್ಲ, ಆದರೆ ಮೀನೆಂದರೆ ಅವನಿಗೆ ಜೀವ. ಆ ಕೆರೆಯಲ್ಲಿ ಕೊರವ ಮೀನು ಕಾಣದೆ ಎಷ್ಟೋ ವರ್ಷವಾಗಿತ್ತು. ಆ ವರ್ಷ ಎಲ್ಲಿಂದಲೋ ಒಂದು ಜೋಡಿ ಬಂದು, ದಡದ ಮೊಣಕಾಲುದ್ದ ನೀರಿನಲ್ಲಿ ಜೊಂಡು ಸರಿಸಿ, ಮೊರದಗಲ ಗೂಡು ಮಾಡಿಕೊಂಡಿತು. ಇನ್ನು ಹೆಣ್ಣು ಮೊಟ್ಟೆ ಇಡಬೇಕು, ಗಂಡು ಕಾವಲು ನಿಲ್ಲಬೇಕು, ಕೆಂಪು ಮರಿಗಳು ಹಿಂಡಾಗಿ ನೀರಿನ ಮೇಲೆ ಬರಬೇಕು. ಅವನ ಅಜ್ಜ ಅದನ್ನು ಕಂಡಿದ್ದನಂತೆ. ತಾನೂ ಸಾಯುವುದರೊಳಗೆ ಒಮ್ಮೆ ನೋಡಬೇಕೆಂದು ಇವನ ಆಸೆ. ಕಂಡ ಕನಸಿನಲ್ಲೆಲ್ಲ ಕೆರೆ ಕೆಂಪಗೆ ಮಿಸುಕುತ್ತಿತ್ತು.

ಅಷ್ಟರಲ್ಲಿ ಹೋಗಿದ್ದ ಚಳಿ ಮರಳಿತು. ಬಡಗಣ ಗಾಳಿ ಬೀಸಿ ನೀರು ಕೊರೆಯತೊಡಗಿತು. ಹೆಣ್ಣು ಮೀನು ಮೊಟ್ಟೆಗಳನ್ನು ಹೊಟ್ಟೆಯಲ್ಲೇ ಇಟ್ಟುಕೊಂಡು ಆಳದ ಮಡುವಿಗೆ ಇಳಿಯಿತು. ಗಂಡು ಮಾತ್ರ ಬರಿಗೂಡಿನ ಮೇಲೆ ರೆಕ್ಕೆಯಾಡಿಸುತ್ತ ನಿಂತಿತು.

ನೀರುಗಂಟಿಗೆ ಅನ್ನ ಸೇರಲಿಲ್ಲ. ಹಂಡೆಯ ನೀರಿಗಿಂತ ತಟ್ಟೆಯ ನೀರು ಬಿಸಿಲಿಗೆ ಬೇಗ ಕಾಯುತ್ತದಲ್ಲ, ಕೆರೆಯ ನೀರು ಇಳಿಸಿದರೆ ಹೆಣ್ಣು ಬೇಗ ಬಂದೀತು ಎಂದುಕೊಂಡ.

"ಚಳಿ ತಾನಾಗಿ ಬಂತು, ತಾನಾಗಿ ಹೋಗುತ್ತೆ. ನಿಮಗ್ಯಾಕೆ ಅವಸರ?" ಎಂದಳು ಹೆಂಡತಿ.

"ಕೆರೆ ವಿಚಾರ ನಿನಗೇನು ಗೊತ್ತು, ಸುಮ್ಮನಿರು" ಎಂದು ಹೋಗಿ ತೂಬನ್ನು ನಾಲ್ಕು ಬೆರಳು ಎತ್ತಿದ. ಕೇಳದೆಯೇ ಗದ್ದೆಗೆ ನೀರು ಬಂತಲ್ಲ ಎಂದು ಊರವರು ಬೆರಗಾದರು.

ಮಧ್ಯಾಹ್ನ ದಡದ ನೀರು ಬೆಚ್ಚಗಾಯಿತು. ಅವನಿಗೆ ಸಂತೋಷವೋ ಸಂತೋಷ. ಬೆಳಿಗ್ಗೆ ಕೈಯಿಟ್ಟರೆ ಮೊದಲಿಗಿಂತ ತಣ್ಣಗಿತ್ತು. ತಟ್ಟೆಯ ನೀರು ಆರುವುದೂ ಬೇಗ ಎಂದು ಆ ಪುಣ್ಯಾತ್ಮನಿಗೆ ಹೊಳೆಯಲೇ ಇಲ್ಲ. ಇಳಿಸಿದ್ದು ಸಾಲದು ಎಂದು ಇನ್ನೂ ನಾಲ್ಕು ಬೆರಳು ಎತ್ತಿದ. ಮರುದಿನ ಇನ್ನಷ್ಟು.

ಒಂಬತ್ತನೆಯ ದಿನ ಗಾಳಿ ತಿರುಗಿತು. ಯಾರೂ ಕರೆಯದೆ ಬಿಸಿಲು ಬಂತು. ಕನಸಿನಲ್ಲಿ ಬಂದ ಹಾಗೆ ಹೆಣ್ಣು ಮೀನು ಮಡುವಿನಿಂದ ಮೆಲ್ಲಗೆ ಮೇಲೆದ್ದು ಗೂಡಿನ ಕಡೆ ಹೊರಟಿತು. ಗೂಡು ಹತ್ತು ಮಾರು ಆಚೆ ಕೆಸರಿನ ಮೇಲಿತ್ತು. ನೀರು ಸರಿದಂತೆ ಗಂಡೂ ಅದನ್ನು ಬಿಟ್ಟುಹೋಗಿತ್ತು.

ನೀರುಗಂಟಿ ಓಡಿಹೋಗಿ ತೂಬು ಮುಚ್ಚಿದ. ಕೊಡದಲ್ಲಿ ನೀರು ತಂದು ತಂದು ಗೂಡಿಗೆ ಸುರಿದ. ಸುರಿದದ್ದನ್ನೆಲ್ಲ ಕೆಸರು ಕುಡಿಯಿತು. ಹೆಣ್ಣು ನೀರಿನ ಅಂಚಿನಲ್ಲಿ ಮೂರು ಸುತ್ತು ಸುತ್ತಿ, ಮತ್ತೆ ಕೆಳಗಿಳಿಯಿತು. ಅವನು ಖಾಲಿ ಕೊಡ ತಬ್ಬಿಕೊಂಡು ಅತ್ತ.

ಗುರುಗಳು ಅಲ್ಲಿಗೆ ನಿಲ್ಲಿಸಿದರು. "ಎಂಥ ದಡ್ಡ ಅವನು. ಬಿಸಿಲು ಬರುವ ತನಕ ನೀರು ಉಳಿಸಿಕೊಂಡಿದ್ದರೆ ಸಾಕಿತ್ತು" ಎಂದ ಸೋಮಲಿಂಗ.

ಗುರುಗಳು ಗಂಜಿಯ ಬಟ್ಟಲನ್ನು ಅವನ ಮುಂದಕ್ಕೆ ಸರಿಸಿದರು.

"ನಿನ್ನ ತೂಬು ತೆರೆದು ಎಷ್ಟು ದಿನವಾಯಿತಪ್ಪ?"

ಸೋಮಲಿಂಗ ಬಟ್ಟಲನ್ನು ಕೈಗೆತ್ತಿಕೊಂಡ.