ಸಮಸ್ತನ ಮನೆ

ಹೊಳೆ ದಂಡೆಯ ಮಠದಲ್ಲಿ ಒಬ್ಬ ಗುರು. ಊರೆಲ್ಲ ಅವರನ್ನು ಅಜ್ಜಾರು ಅನ್ನುತ್ತಿತ್ತು. ಶಿಷ್ಯ ಅಡವಯ್ಯ ಮಠದ ದಾಸೋಹ ಸಂಘದ ಕಾರ್ಯದರ್ಶಿ. ಅಕ್ಷರ ಮುತ್ತಿನಂಥದ್ದು, ತಿಳಿವಳಿಕೆ ಅಷ್ಟಕ್ಕಷ್ಟೆ.

ಸಂಘಕ್ಕೆ ನೂರು ಮನೆ. ಸಾಲಾಗಿ ಮೂರು ಹುಣ್ಣಿಮೆ ಐವತ್ತು ಮನೆಯವರು ಸೇರದಿದ್ದರೆ ಸಂಘ ಮುರಿಯಬೇಕು, ದಾರಿಹೋಕರಿಗೆ ಅನ್ನ ಬೇಯಿಸುವ ಒಲೆ ಆರಿಸಬೇಕು ಅಂತ ಕಟ್ಟಳೆ. ಎರಡು ಹುಣ್ಣಿಮೆ ಕಳೆದಿದ್ದವು. ಬಂದವರು ಏಳು ಜನ, ಅದರಲ್ಲೊಬ್ಬ ದಾರಿ ತಪ್ಪಿ ಬಂದವನು.

"ಅಜ್ಜಾರ, ಮನಿಮನಿಗೆ ಓಲೆ ಕಳಿಸೀನ್ರಿ," ಎಂದ ಅಡವಯ್ಯ. "‘ಸಮಸ್ತ ಸದ್ಭಕ್ತರು ದಯಮಾಡಿಸಬೇಕು’ ಅಂತ ಬರದೀನಿ. ಯಾರೂ ಬರವಲ್ರು."

"ಈ ಸಮಸ್ತನ ಮನಿ ಯಾವ ಓಣ್ಯಾಗೈತಿ?"

ಅಡವಯ್ಯ ಬೆರಳು ಮಡಿಸಿ ಊರಿನ ಓಣಿಗಳನ್ನು ಎಣಿಸತೊಡಗಿದ.

"ಇನ್ನ ಕರಿಯಾಕ ಹೋಗಬ್ಯಾಡ. ನಮ್ಮನ್ನ ಏನಂತ ಬೈತಾರ, ಅದನ್ನ ಕೇಳ್ಕೊಂಡು ಬಾ. ಎದುರು ಮಾತಾಡಬ್ಯಾಡ."

ಹೋದ. ಬೈಸಿಕೊಳ್ಳಲು ಬಂದವನಿಗೆ ಬೈಗುಳಕ್ಕೆ ಬಡತನವೇ?

ಹೂಗಾರ ಓಣಿಯ ನೀಲವ್ವ ಸೊಂಟಕ್ಕೆ ಕೈ ಇಟ್ಟಳು. "ಬಂದ್ಯಾ ತಮ್ಮಾ? ಮಠಕ್ಕ ಹಿತ್ತಾಳಿ ಹಂಡೆ ಕೊಟ್ಟಾಕಿ ನಾನು. ಅದರ ಮ್ಯಾಲ ನನ್ನ ಸವತಿ ಹೆಸರು ಕೆತ್ತಿಸೀದಿ. ಆಕಿ ಅದನ್ನ ನೋಡ್ಕೊಂಡು ಇವತ್ತಿಗೂ ಹಲ್ಲು ಕಿಸೀತಾಳ."

ಗಂಡ ಒಬ್ಬ, ಮನೆ ಎರಡು ಅನ್ನುವುದು ಊರಿಗೇ ಗೊತ್ತಿತ್ತು. ಗೊತ್ತಿಲ್ಲದವನು ಅಡವಯ್ಯ ಒಬ್ಬನೇ. ಅವನ ಮುಖ ಸುಟ್ಟ ಬದನೆಕಾಯಿಯಾಯಿತು.

ಕುಂಬಾರ ಸಂಗಪ್ಪ ತಿಗರಿ ನಿಲ್ಲಿಸಲೂ ಇಲ್ಲ. "ನಿಮ್ಮ ಹುಗ್ಗಿ ಗ್ವಾಡಿಗೆ ಬಳಿಯಾಕ ಛಲೋ. ಒಮ್ಮೆರ ನನ್ನ ಕೈಗೆ ಸೌಟು ಕೊಟ್ಟೀರೇನು?"

ಮುದುಕಿ ಫಕೀರವ್ವ ಮೆಲ್ಲಗೆ ಅಂದಳು: "ಪಂಕ್ತಿಯೊಳಗ ಮುಖ ನೋಡಿ ತುಪ್ಪ ಬಡಿಸ್ತೀಯಪ್ಪಾ. ಗೌಡರ ಎಲಿಗೆ ಧಾರೆ, ನನ್ನ ಎಲಿಗೆ ತೊಟ್ಟು."

ಈ ಮೆಲ್ಲಗಿನ ಮಾತು ಹೆಚ್ಚು ಚುಚ್ಚಿತು. ಸುಳ್ಳಾಗಿರಲಿಲ್ಲ.

ನೂರು ಮನೆ ತಿರುಗಿ ಬಂದು ಅಡವಯ್ಯ ಅತ್ತುಬಿಟ್ಟ. "ಅಜ್ಜಾರ, ಬೈಗಳ ಹೊತ್ತು ತರಾಕ ಚಕ್ಕಡಿ ಬೇಕಾಗಿತ್ತು. ಹನ್ನೊಂದು ಮನ್ಯಾಗಷ್ಟ ನಕ್ಕೋತ ನೀರು ಕೊಟ್ಟು ಕಳಿಸಿದ್ರು."

"ಹಾಂಗಾರ ಈಗ ಓಲೆ ಬರಿ. ಒಂದು ಮನಿ ಮಾತು ಇನ್ನೊಂದು ಮನಿಗೆ ಬ್ಯಾಡ."

ನೀಲವ್ವನಿಗೆ ಬರೆದ: ‘ಹೆಸರು ತಪ್ಪಿದ್ದು ನನ್ನಿಂದ. ತಿದ್ದಲು ಕಂಚುಗಾರ ಬರುತ್ತಾನೆ, ಎದುರಿಗೆ ನಿಂತು ತಿದ್ದಿಸವ್ವಾ.’

ಸಂಗಪ್ಪನಿಗೆ: ‘ಈ ಹುಣ್ಣಿಮೆಯ ಹುಗ್ಗಿ ನಿನ್ನದು.’

ಫಕೀರವ್ವನಿಗೆ: ‘ತುಪ್ಪದ ಗಿಂಡಿ ನಿನ್ನ ಕೈಗೆ.’

ಹುಣ್ಣಿಮೆ ಬಂತು. ಇಳಕಲ್ಲ ಸೀರೆ ಉಟ್ಟು ನೀಲವ್ವ ಬಂದಳು. ಅವಳು ಬಂದಳೆಂದು ಸವತಿ ಬಂದಳು. ಇಬ್ಬರ ಮುಖ ನೋಡಲು ಇಡೀ ಓಣಿ ಬಂತು. ಸಂಗಪ್ಪ ಹುಗ್ಗಿ ಕೆಡಿಸುವುದನ್ನು ನೋಡಲು ಬಂದವರು ಎರಡೆರಡು ಸಲ ಬಡಿಸಿಕೊಂಡರು. ಫಕೀರವ್ವ ಗೌಡನ ಎಲೆಗೂ ಹೂಗಾರನ ಎಲೆಗೂ ಒಂದೇ ಧಾರೆ ಬಿಟ್ಟಳು. ಗೌಡ ಬೆರಳು ಚೀಪಿಕೊಂಡು ಉಂಡ.

ಎಣಿಸಿದರೆ ಎಂಬತ್ತೊಂಬತ್ತು ಮನೆ. ಒಲೆ ಉಳಿಯಿತು.

"ಗೆದ್ವಿ, ಅಜ್ಜಾರ," ಅಡವಯ್ಯನ ಎದೆ ಉಬ್ಬಿತ್ತು. "ಹೆಚ್ಚು ಬೈದವರೇ ಮೊದಲು ಬಂದ್ರು ನೋಡ್ರಿ."

ಅಜ್ಜಾರು ಉಂಡ ಎಲೆ ಮಡಿಸಿದರು.

"ಹೌದಪ್ಪಾ. ನಿನಗ ಒಂದು ಮಾತೂ ಬೈಯದ, ಇವತ್ತೂ ಬರದ ಹನ್ನೊಂದು ಮನಿ ಅದಾವಲ್ಲ, ನಾಳೆ ಅಲ್ಲಿಗೆ ಹೋಗು."