ಸಾಕವ್ವನ ಮರದ ಹುಳಿ

ಬಲು ಹಿಂದೆ, ನಮ್ಮಜ್ಜಿಯ ಅಜ್ಜಿಯೂ ಹುಟ್ಟದಿದ್ದಾಗ, ಸಾಕವ್ವ ಅಂತ ಒಬ್ಬಳಿದ್ದಳಂತೆ. ಗಂಡ ಸತ್ತ ಮೇಲೆ ಯಾರ ಮುಂದೂ ಕೈಚಾಚದೆ, ತಾನೇ ನೆಟ್ಟ ಹುಣಸೆಮರದ ಹಣ್ಣು ಮಾರಿ ಮೂರು ಹೆಣ್ಣುಮಕ್ಕಳನ್ನು ಸಾಕಿದಳಂತೆ. ಮಹಾ ಹಟದವಳು. ಒಬ್ಬಳಿಗೆ ಹೆಚ್ಚು, ಒಬ್ಬಳಿಗೆ ಕಡಿಮೆ ಕೊಟ್ಟಳು ಅಂತ ಯಾರೂ ಆಡಬಾರದು ಅಂತ, ಒಂದೇ ಕಾಯಿ ಬಿಡಿಸಿ ಬೀಜ ಎತ್ತಿಟ್ಟು, ಒಬ್ಬೊಬ್ಬಳು ಗಂಡನ ಮನೆಗೆ ಹೊರಟಾಗಲೂ ಮಡಿಲಕ್ಕಿ ಜೊತೆ ಅದರಲ್ಲೊಂದು ಬೀಜ ಹಾಕಿ, ಹಿತ್ತಿಲಲ್ಲಿ ನೆಡು, ತವರು ಅಲ್ಲೇ ಇರುತ್ತೆ ಅಂದಳಂತೆ. ದೊಡ್ಡವಳು ದೇವೀರಿ ಎರೆಮಣ್ಣಿನ ಸೀಮೆಗೆ ಹೋದಳು, ನಡುವಿನವಳು ಮಾಯಿ ಕಲ್ಲುಗುಡ್ಡದ ಕಡೆಗೆ ಹೋದಳು, ಕಿರಿಯವಳು ಚಿಕ್ಕತಾಯಿ ಹೊಳೆಯಾಚೆ ಮರಳುನೆಲಕ್ಕೆ ಹೋದಳು. ಹೂಂ ಅನ್ನು ಮಗಾ, ನಿದ್ದೆ ಬಂತಾ?

ಆಮೇಲೆ ಎಷ್ಟೋ ವರ್ಷ ಕಾದ ಮೇಲೆ ಚಿಕ್ಕತಾಯಿ ಬಸುರಾದಳಂತೆ. ತಿಂದದ್ದೊಂದೂ ದಕ್ಕದು, ಮೈ ಕಡ್ಡಿಯಾಯಿತು. ಸುದ್ದಿ ಕೇಳಿ ಸಾಕವ್ವ ಹೊಳೆ ದಾಟಿ ಮಗಳ ಮನೆಗೆ ಬಂದಳು. ಸೂಲಗಿತ್ತಿ ನೋಡಿ, ಬಯಕೆ ತೀರಿಸು ಸಾಕವ್ವ, ಇಲ್ಲದಿದ್ದರೆ ತಾಯಿಯೂ ಉಳಿಯಲ್ಲ, ಮಗುವೂ ಉಳಿಯಲ್ಲ ಅಂದಳಂತೆ. ಏನು ಬೇಕು ಮಗಳೇ ಅಂದರೆ, ನಿನ್ನ ಮರದ ಹುಣಸೆ ಬೇಕವ್ವ, ಬೇರೇನೂ ಬೇಡ ಅಂದಳು. ಆ ಮರ ಹಿಂದಿನ ವರ್ಷವೇ ಗಾಳಿಗೆ ಬುಡಸಮೇತ ಬಿದ್ದುಹೋಗಿತ್ತು. ಬಿದ್ದರೇನು, ಅದರ ಮಕ್ಕಳಿದ್ದಾವಲ್ಲ, ದೊಡ್ಡವಳ ಮರವೇ ಎಲ್ಲಕ್ಕಿಂತ ಹಳೆಯದು ಅಂತ ಸಾಕವ್ವ ಚೀಲ ಹಿಡಿದು ಹೊರಟಳಂತೆ.

ಮೊದಲು ದೇವೀರಿಯ ಮನೆ. ಅಲ್ಲಿ ಕಾಯಿ ಗೇಣುದ್ದ, ಬಾಯಿಗಿಟ್ಟರೆ ಬೆಲ್ಲ. ಸಾಕವ್ವ ಥೂ ಅಂತ ಉಗಿದು, ನನ್ನ ಬೀಜ ಬಿಸಾಕಿ ಸಂತೆ ಬೀಜ ನೆಟ್ಟೆಯೇನೇ ಅಂದಳು. ನಿನ್ನಾಣೆಗೂ ನೀನು ಕೊಟ್ಟದ್ದೇ ಅವ್ವ ಅಂದರೂ ಕೇಳಲಿಲ್ಲ.

ಆಮೇಲೆ ಮಾಯಿಯ ಮನೆ. ಅಲ್ಲಿ ಕಾಯಿ ಗಿಡ್ಡ, ಸೊಟ್ಟ, ತಿರುಳು ರಕ್ತಗೆಂಪು, ನೆಕ್ಕಿದರೆ ಕಿವಿ ಮುಚ್ಚಿಕೊಳ್ಳುವ ಹುಳಿ. ನೀನೂ ನನ್ನ ಕಣ್ಣಿಗೆ ಮಣ್ಣೆರಚಿದೆಯಾ ಅಂತ ಸಾಕವ್ವ ಕೂಗಾಡಿದಳು. ನಿನ್ನ ಕಣ್ಣಿಗೆ ಮಣ್ಣೆರಚೋಳು ಇನ್ನೂ ಹುಟ್ಟಿಲ್ಲ ಬಿಡವ್ವ ಅಂದಳಂತೆ ಮಾಯಿ.

ಆಮೇಲೆ ಬರಿಗೈಯಲ್ಲಿ ಚಿಕ್ಕತಾಯಿಯ ಹಿತ್ತಿಲಿಗೇ ಬಂದು ನೋಡಿದರೆ, ಅಲ್ಲಿನ ಮರದಲ್ಲಿ ತಿರುಳಿಗಿಂತ ಬೀಜವೇ ಹೆಚ್ಚು, ಹುಳಿಯ ಜೊತೆಗೆ ಒಗರು ಬೇರೆ. ಹಾಸಿಗೆ ಹಿಡಿದವಳನ್ನು ಬೈಯೋಕಾಗುತ್ತಾ? ಸಾಕವ್ವನಿಗೆ ತಲೆ ತಿರುಗಿತಂತೆ. ಒಂದೇ ಕಾಯಿ, ಕೊಟ್ಟ ಕೈಯೂ ಒಂದೇ. ಮೂವರೂ ಸುಳ್ಳು ಹೇಳುತ್ತಿದ್ದಾರೋ, ತನಗೇ ಅರಳುಮರುಳೋ ತಿಳಿಯದೆ ಬುಡದಲ್ಲಿ ಕುಕ್ಕರಿಸಿದಳು.

ಅಷ್ಟರಲ್ಲಿ ಬೈಸಿಕೊಂಡ ಅಕ್ಕಂದಿರಿಬ್ಬರೂ ತಮ್ಮ ತಮ್ಮ ಹಣ್ಣು ಕಟ್ಟಿಕೊಂಡು ಹಿಂದೆಯೇ ಬಂದರಂತೆ. ಅವ್ವನನ್ನು ಎಬ್ಬಿಸಿಕೊಂಡು ಒಳಗೆ ಹೋದದ್ದೇ ಒಲೆಯ ಮುಂದೆ ಜಗಳ ಶುರುವಾಯಿತು. ಅವ್ವನ ಮರದ್ದು ಸಿಹಿ ಇತ್ತು ಕಣೇ, ಚಿಕ್ಕವಳಿದ್ದಾಗ ನಾನು ಮೇಲೆ ಹತ್ತಿ ಬಿಸಿಲುಕೊಂಬೆಯದ್ದು ತಿಂದೋಳು ಅಂದಳು ದೇವೀರಿ. ಸಿಹಿಯಂತೆ ಸಿಹಿ, ಕೆಳಗೆ ಆಯ್ದು ತಿಂದ ನನ್ನ ಹಲ್ಲನ್ನು ಕೇಳು ಅಂದಳು ಮಾಯಿ. ಒಗರೇ ಇತ್ತಕ್ಕಾ ಅಂದಳು ಮಲಗಿದಲ್ಲಿಂದ ಚಿಕ್ಕತಾಯಿ. ಆಮೇಲೆ ಮೂವರೂ ಸೇರಿ, ನೀನೇ ಹೇಳವ್ವ ಹೇಗಿತ್ತು ಅಂದರು.

ಸಾಕವ್ವ ತಿರುಗಿ ಒಲೆಗೆ ಸೌದೆ ತುರುಕಿದಳು. ಒಳ್ಳೆಯದನ್ನೆಲ್ಲ ಮಾರಿ, ಮಿಕ್ಕದ್ದನ್ನು ಮಕ್ಕಳಿಗೆ ಕೊಟ್ಟು, ತಾನು ಹುಣಸೆಯ ನಾರು ನೆನೆಸಿದ ನೀರಲ್ಲೇ ಉಂಡವಳು ಅವಳು. ತನ್ನ ಮರದ ರುಚಿ ತನಗೇ ಗೊತ್ತಿರಲಿಲ್ಲವಂತೆ.

ಅಕ್ಕಂದಿರಿಬ್ಬರೂ ಮೂರು ಹುಣಸೆಯಲ್ಲೂ ಬೇರೆ ಬೇರೆ ಸಾರು ಮಾಡಿ ತಂಗಿಯ ಮುಂದಿಟ್ಟರು. ಚಿಕ್ಕತಾಯಿ ಒಂದರಲ್ಲಿ ಅನ್ನ ಕಲಸಿ, ನಿನ್ನ ಮರದ್ದು ಇದೇ ಅವ್ವ ಅಂದಳು. ಇನ್ನೊಂದರಲ್ಲಿ ಕಲಸಿ, ಅಲ್ಲ, ಇದೇ ಅಂದಳು. ಮೂರನೆಯದಕ್ಕೂ ಹಾಗೇ ಅಂದಳು. ತಿಂದದ್ದೆಲ್ಲ ದಕ್ಕಿತಂತೆ. ಮೂರೂ ಅದೇ ಹೇಗಾಗುತ್ತೆ ಕಣೇ ಅಂದಳು ಸಾಕವ್ವ. ನನಗೇನು ಗೊತ್ತವ್ವ, ಇನ್ನೊಂದು ಚೂರು ಅನ್ನ ಹಾಕು ಅಂದಳಂತೆ ಮಗಳು.

ಆಮೇಲೆ ಗುಂಡುಕಲ್ಲಿನಂಥ ಕೂಸು ಹುಟ್ಟಿತು. ಸೂಲಗಿತ್ತಿ ಎತ್ತಿ ಹಿಡಿದು, ಮೂಗು ಅಪ್ಪನದಲ್ಲ, ಕಣ್ಣು ಅವ್ವನದಲ್ಲ, ಇದು ಯಾರ ಹಾಗಿದೆ ಸಾಕವ್ವ ಅಂದಳಂತೆ. ನನ್ನನ್ನು ಕೇಳಬೇಡ ತಾಯಿ, ಮೊದಲು ನೀರು ಹಾಕು ಅಂದಳಂತೆ ಸಾಕವ್ವ. ಅವರೆಲ್ಲ ಅಲ್ಲಿ ಸುಖವಾಗಿದ್ದರು, ನಾವಿಲ್ಲಿ ಹೀಗಿದ್ದೀವಿ. ಕತೆ ಮುಗೀತು ಮಗಾ, ಹೊದ್ದುಕೋ.