ಒಂದು ರೋಬೋಟ್, ಮೂರು ತರಗತಿ

"ಗುರುಗಳೇ, ನಮ್ಮ ಶಾಲೆಯಲ್ಲಿ ರೋಬೋಟ್ ಮಾಡುವುದನ್ನು ಕಲಿಸುವ ಕೆಲಸವನ್ನು ನನಗೆ ಒಪ್ಪಿಸಿದ್ದಾರೆ. ಆರು ವರ್ಷದವರೂ ಇದ್ದಾರೆ, ಹದಿನೈದು ವರ್ಷದವರೂ ಇದ್ದಾರೆ. ಯಾವ ವಯಸ್ಸಿನವರಿಗೆ ಏನು ಕಲಿಸಲಿ?"

ಕೇಳಿದವನು ಚನ್ನವೀರ. ಹೊಸದಾಗಿ ಶಿಕ್ಷಕನಾಗಿದ್ದ. ಗುರುಗಳು ಹಿಂದೆ ಅವನಿಗೆ ಗಣಿತ ಹೇಳಿಕೊಟ್ಟವರು. ಅವರು ಒಂದು ಕತೆ ಹೇಳಿದರು.

ಒಂದು ಊರಿನ ಶಾಲೆಗೆ ಒಬ್ಬ ಶಿಕ್ಷಕಿ ಬಂದಳು. ರೋಬೋಟ್ ಮಾಡುವುದರಲ್ಲಿ ಅವಳ ಕೈ ಪಳಗಿತ್ತು. ಗೋಡೆ ಎದುರಾದರೆ ತಾನೇ ನಿಲ್ಲುವ ಪುಟ್ಟ ಬಂಡಿಯೊಂದನ್ನು ಮಾಡುವ ಪಾಠವನ್ನು ಅವಳು ಪ್ರೀತಿಯಿಂದ ಸಿದ್ಧಪಡಿಸಿದ್ದಳು. ಒಳ್ಳೆಯ ಪಾಠ ಎಲ್ಲರಿಗೂ ಒಳ್ಳೆಯದೇ ಎಂದುಕೊಂಡು ಒಂದನೆಯ, ಐದನೆಯ, ಒಂಬತ್ತನೆಯ ತರಗತಿಗಳಿಗೆ ಅದನ್ನೇ ಹೇಳಿಕೊಟ್ಟಳು.

ಒಂದನೆಯ ತರಗತಿಯವರು ಚಕ್ರಗಳನ್ನು ಬೆರಳಿಗೆ ಹಾಕಿಕೊಂಡು ತಿರುಗಿಸಿದರು, ಸ್ಕ್ರೂಗಳನ್ನೆಲ್ಲ ಕಳೆದರು. ಐದನೆಯವರು ಬಂಡಿ ಜೋಡಿಸಿದರು. ಪ್ರೋಗ್ರಾಮ್ ಬರೆಯುವಾಗ ತಬ್ಬಿಬ್ಬಾದರು. ಒಂಬತ್ತನೆಯವರು ಬೇಗ ಮುಗಿಸಿ ಆಕಳಿಸಿದರು.

"ಚಿಕ್ಕವರಿಗೆ ಇದೆಲ್ಲ ಬೇಡಮ್ಮ. ದೊಡ್ಡವರಿಗಷ್ಟೇ ಇಟ್ಟುಕೊಳ್ಳೋಣ," ಎಂದರು ಮುಖ್ಯೋಪಾಧ್ಯಾಯರು.

"ಒಂದು ವಾರ ಕೊಡಿ ಸರ್," ಎಂದಳು ಶಿಕ್ಷಕಿ. ಹೇಳಿದಳೇ ಹೊರತು ಏನು ಮಾಡಬೇಕೆಂದು ಅವಳಿಗೇ ತಿಳಿದಿರಲಿಲ್ಲ. ಬಿಡುವಿನ ವೇಳೆ ಮುಖ ಬಾಡಿಸಿಕೊಂಡು ಅಂಗಳದ ಕಟ್ಟೆಯ ಮೇಲೆ ಕುಳಿತಳು.

ಅಲ್ಲಿ ಒಂದನೆಯ ತರಗತಿಯ ಹುಡುಗಿಯೊಬ್ಬಳು ತಲೆಗೆ ರಟ್ಟಿನ ಪೆಟ್ಟಿಗೆ ಹಾಕಿಕೊಂಡು ರೋಬೋಟ್ ಆಗಿದ್ದಳು. ಉಳಿದವರು ಅಪ್ಪಣೆ ಕೊಡುತ್ತಿದ್ದರು. ಎಡಕ್ಕೆ ತಿರುಗು ಎಂದರು, ತಿರುಗಿದಳು. ಮುಂದೆ ಹೋಗು ಎಂದರು, ಹೋದಳು. ಹೋಗಿ ಹೋಗಿ ನೀರಿನ ತೊಟ್ಟಿಗೆ ಡಿಕ್ಕಿ ಹೊಡೆದು ಮೊಣಕೈವರೆಗೆ ನೆನೆದಳು.

"ನಿಲ್ಲೋದಲ್ವೇನೇ!" ಎಂದು ಗೆಳತಿಯರು ಕೂಗಿದರು.

"ನಿಲ್ಲು ಅಂತ ನೀವು ಹೇಳಲೇ ಇಲ್ವಲ್ಲ!" ಎಂದಳು ಅವಳು ಪೆಟ್ಟಿಗೆಯೊಳಗಿಂದ.

ಮಕ್ಕಳು ಬಿದ್ದು ಬಿದ್ದು ನಕ್ಕರು. ಶಿಕ್ಷಕಿಯೂ ನಕ್ಕಳು. ಯಂತ್ರ ಹೇಳಿದಷ್ಟನ್ನೇ ಮಾಡುತ್ತದೆ ಎಂಬುದನ್ನು ಇವರು ಒಂದು ಸ್ಕ್ರೂವನ್ನೂ ಮುಟ್ಟದೆ ಕಲಿತುಬಿಟ್ಟಿದ್ದರು. ಅವಳು ಎದ್ದು ಅಂಗಳವನ್ನೆಲ್ಲ ಸುತ್ತಿದಳು. ಐದನೆಯವರು ಬಾಟಲಿ ಮುಚ್ಚಳದ ಬಂಡಿಗಳನ್ನು ಓಡಿಸುತ್ತಿದ್ದರು. ಒಂಬತ್ತನೆಯವರು ಊಟದ ಡಬ್ಬಿ ಕದಿಯುವ ಮಂಗಗಳನ್ನು ಓಡಿಸುವುದು ಹೇಗೆಂದು ಜಗಳವಾಡುತ್ತಿದ್ದರು. ಅವರು ಕಟ್ಟಿದ್ದ ಬೆದರುಬೊಂಬೆಯ ಅಂಗಿಯನ್ನು ಒಂದು ಮಂಗ ಆಗಲೇ ಹೊತ್ತೊಯ್ದಿತ್ತು.

ಮರುದಿನದಿಂದ ಪಾಠ ಬದಲಾಯಿತು. ಚಿಕ್ಕವರು ಸರದಿಯಂತೆ ರೋಬೋಟ್ ಆದರು, ಸರದಿಯಂತೆ ಅಪ್ಪಣೆ ಕೊಟ್ಟರು. ಐದನೆಯವರ ಬಂಡಿಗಳಿಗೆ ಮೋಟಾರ್ ಬಂತು. ಕೆಲವು ಹಿಂದಕ್ಕೆ ಓಡಿದವು. ಅವರು ಹಿಂದಕ್ಕೆ ಓಡಿಸುವ ಪಂದ್ಯವನ್ನೇ ಹೂಡಿದರು. ದೊಡ್ಡವರಿಗೆ ಅವಳು ಪಾಠ ಹೇಳಲೇ ಇಲ್ಲ. ಸಾಮಾನು ಮುಂದಿಟ್ಟು, ಮಂಗಗಳನ್ನು ಓಡಿಸುವ ಉಪಾಯ ನೀವೇ ನೋಡಿಕೊಳ್ಳಿ ಎಂದಳು. ಅವರು ಜೋಡಿಸಿದರು, ಬಿಚ್ಚಿದರು, ಮತ್ತೆ ಜೋಡಿಸಿದರು. ಯಾರಾದರೂ ಹತ್ತಿರ ಬಂದರೆ ಕೈ ಬೀಸಿ ಹಾರ್ನ್ ಹೊಡೆಯುವ ಬೆದರುಬೊಂಬೆ ಎದ್ದು ನಿಂತಿತು.

ವಾರ ಕಳೆದ ಮೇಲೆ ಮುಖ್ಯೋಪಾಧ್ಯಾಯರು ನೋಡಲು ಬಂದರು. ಬೊಂಬೆ ಎರಡೂ ಕೈ ಬೀಸಿ ಹಾರ್ನ್ ಹೊಡೆಯಿತು. ಅವರು ಮಾರುದ್ದ ಹಿಂದಕ್ಕೆ ಹಾರಿದರು. ಮಕ್ಕಳೆಲ್ಲ ಉಸಿರು ಬಿಗಿಹಿಡಿದರು. ಅಷ್ಟರಲ್ಲಿ ಮುಖ್ಯೋಪಾಧ್ಯಾಯರಿಗೇ ನಗು ತಡೆಯಲಾಗಲಿಲ್ಲ; ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆ ಧೈರ್ಯದ ಮೇಲೆ ಚಿಕ್ಕವರು ಅವರ ತಲೆಗೂ ರಟ್ಟಿನ ಪೆಟ್ಟಿಗೆ ಹಾಕಿದರು. ಮಕ್ಕಳು ತಿರುಗೆಂದಲ್ಲಿ ತಿರುಗುತ್ತ, ನಿಲ್ಲೆಂದಲ್ಲಿ ನಿಲ್ಲುತ್ತ, ರೋಬೋಟ್ ಪಾಠ ಎಲ್ಲ ತರಗತಿಗೂ ಇರಲಿ ಎಂದು ಅವರು ಪೆಟ್ಟಿಗೆಯೊಳಗಿಂದಲೇ ಒಪ್ಪಿಗೆ ಕೊಟ್ಟರು.

ಗುರುಗಳು ಕತೆ ನಿಲ್ಲಿಸಿದರು. ಚನ್ನವೀರನ ಮುಖ ಅರಳಿತ್ತು.

"ಗೊತ್ತಾಯಿತು ಗುರುಗಳೇ. ಚಿಕ್ಕವರಿಗೆ ಪೆಟ್ಟಿಗೆ, ನಡುವಿನವರಿಗೆ ಬಂಡಿ, ದೊಡ್ಡವರಿಗೆ ಬೆದರುಬೊಂಬೆ. ನಾಳೆಯಿಂದಲೇ ಶುರು ಮಾಡುತ್ತೇನೆ."

ಗುರುಗಳು ಅವನ ಭುಜದ ಮೇಲೆ ಕೈಯಿಟ್ಟು ಒಂದೇ ಮಾತು ಕೇಳಿದರು.

"ಬಿಡುವಿನ ವೇಳೆ ನಿನ್ನ ಶಾಲೆಯ ಮಕ್ಕಳು ಏನು ಆಡುತ್ತಾರಪ್ಪಾ?"